ದಾನವೋ, ದೇಣಿಗೆಯೋ, ಕಾಣಿಕೆಯೋ: ಕೊಡುವಾಗ ಯಾವ ಪದ ಹಿಡಿಯಬೇಕು?

ಊರಿನ ಶಾಲೆಗೆ ಬೆಂಚು ಕೊಡಿಸಿದವರ ಹೆಸರನ್ನು ಬೆಂಚಿನ ಮೇಲೆ ಬರೆಸಬೇಕು. ಹೆಸರಿನ ಹಿಂದೆ ‘ದಾನಿಗಳು’ ಎಂದು ಹಾಕಬೇಕೋ, ‘ಕೊಡುಗೆ’ ಎಂದು ಹಾಕಬೇಕೋ? ಮದುವೆಯ ಕರೆಯೋಲೆಯಲ್ಲಿ ಉಡುಗೊರೆ ಬೇಡವೆನ್ನಬೇಕು, ಆದರೆ ಓದಿದವರಿಗೆ ಮುಖಕ್ಕೆ ಹೊಡೆದಂತಾಗಬಾರದು. ಯುವಕ ಸಂಘದ ರಶೀದಿ ಪುಸ್ತಕ ಅಚ್ಚಿಗೆ ಹೋಗಬೇಕು, ತಲೆಬರಹದಲ್ಲಿ ದೇಣಿಗೆ ಬರಬೇಕೋ, ವಂತಿಗೆ ಬರಬೇಕೋ, ಚಂದಾ ಬರಬೇಕೋ? ಓದುಗರಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ನಿಘಂಟು ತೆರೆದು ನೋಡಿದವರು ಇನ್ನಷ್ಟು ಗೊಂದಲಕ್ಕೆ ಬಿದ್ದಿರುತ್ತಾರೆ. ದಾನ ಎಂದರೆ ಕೊಡುಗೆ, ಕೊಡುಗೆ ಎಂದರೆ ಉಡುಗೊರೆ, ಉಡುಗೊರೆ ಎಂದರೆ ಕಾಣಿಕೆ ಎಂದು ಅದು ಊರೆಲ್ಲ ಸುತ್ತಿಸಿ ಹೊರಟ ಜಾಗಕ್ಕೇ ತಂದು ಬಿಡುತ್ತದೆ.

ಕೊಡುವ ವಸ್ತುವನ್ನು ನೋಡಿ ಪದ ಆರಿಸಲು ಹೋದರೆ ಯಾರಿಗಾದರೂ ಹೀಗೆಯೇ ಆಗುತ್ತದೆ. ಐನೂರರ ಒಂದು ನೋಟನ್ನೇ ನೋಡಿ. ಹುಂಡಿಗೆ ಬಿದ್ದರೆ ಅದು ಕಾಣಿಕೆ, ಪುರೋಹಿತರ ತಟ್ಟೆಗೆ ಬಿದ್ದರೆ ದಕ್ಷಿಣೆ, ಮದುವೆ ಮಂಟಪದ ಲಕೋಟೆಯೊಳಗೆ ಮುಯ್ಯಿ, ವಾಚನಾಲಯದ ರಶೀದಿಯಲ್ಲಿ ದೇಣಿಗೆ, ಹೋಟೆಲಿನ ಮಾಣಿಯ ಕೈಯಲ್ಲಿ ಭಕ್ಷೀಸು, ಕಚೇರಿಯ ಮೇಜಿನ ಕೆಳಗೆ ಲಂಚ. ನೋಟು ಬದಲಾಗಲಿಲ್ಲ. ಕೊಡುವ ಕೈ ಮತ್ತು ತೆಗೆದುಕೊಳ್ಳುವ ಕೈ ಎಷ್ಟೆಷ್ಟು ಎತ್ತರದಲ್ಲಿವೆ ಎಂಬುದು ಬದಲಾಯಿತು. ಕನ್ನಡದಲ್ಲಿ ಕೊಡುವುದಕ್ಕೆ ಇಷ್ಟೊಂದು ಪದಗಳಿರುವುದು ಈ ಎತ್ತರವನ್ನು ಗುರುತಿಸುವುದಕ್ಕಾಗಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೇಳಿಕೊಳ್ಳಬೇಕಾದದ್ದು

ಪದ ಆರಿಸುವ ಮೊದಲು ನಾಲ್ಕು ವಿಷಯ ತಿಳಿದಿರಬೇಕು. ತೆಗೆದುಕೊಳ್ಳುವವರು ಕೊಡುವವರಿಗಿಂತ ಮೇಲಿದ್ದಾರೋ, ಸಮಾನರೋ, ಕೆಳಗಿದ್ದಾರೋ ಎಂಬುದು ಮೊದಲನೆಯದು. ಕೊಟ್ಟದ್ದು ಇನ್ನೊಂದು ರೂಪದಲ್ಲಿ ಮರಳಿ ಬರಬೇಕೆಂಬ ನಿರೀಕ್ಷೆ ಇದೆಯೇ ಎಂಬುದು ಎರಡನೆಯದು. ಪಡೆಯುವುದು ಒಬ್ಬ ವ್ಯಕ್ತಿಯೋ, ಸಂಸ್ಥೆಯೋ, ದೇವರೋ, ಹೆಸರಿಲ್ಲದ ಸಾರ್ವಜನಿಕರೋ ಎಂಬುದು ಮೂರನೆಯದು. ಆ ಪದ ಯಾವುದಾದರೂ ಕಾಗದದ ಮೇಲೆ, ಅಂದರೆ ನೋಂದಣಿ ಕಚೇರಿಯಲ್ಲೋ ಲೆಕ್ಕಪರಿಶೋಧಕರ ಮುಂದೆಯೋ ನಿಲ್ಲಬೇಕೇ ಎಂಬುದು ಕೊನೆಯದು. ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಉಳಿದ ಮೂರರಲ್ಲಿ ತಪ್ಪಿದರೆ ಭಾಷೆ ತಪ್ಪಾಯಿತು ಎನ್ನುತ್ತಾರೆ. ಮೊದಲನೆಯದರಲ್ಲಿ ತಪ್ಪಿದರೆ ಮನಸ್ಸು ಮುರಿಯುತ್ತದೆ.

ದಾನ: ಹಿಂದೆ ಬಾಲವಾಗಿದ್ದರೆ ಕ್ಷೇಮ

ದಾನದಷ್ಟು ಗೌರವದ ಪದ ಇನ್ನೊಂದಿಲ್ಲ, ಅದರಷ್ಟು ಅಪಾಯದ ಪದವೂ ಇಲ್ಲ. ‘ಗೆಳೆಯನಿಗೆ ಒಂದು ಗಡಿಯಾರ ದಾನ ಮಾಡಿದೆ’ ಎಂದು ಹೇಳಿ ನೋಡಿ. ಗೆಳೆಯ ಅದನ್ನು ಬಿಚ್ಚಿ ಕೈಗಿಡುತ್ತಾನೆ. ಪಡೆಯುವವರ ಹೆಸರು ಎದುರಿಗಿದ್ದಾಗ ದಾನ ಅವರನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತದೆ.

ಹಿಂದೆ ಹೀಗಿರಲಿಲ್ಲ. ಶಾಸ್ತ್ರದ ದಾನದಲ್ಲಿ ಪಡೆಯುವವನು ‘ಸತ್ಪಾತ್ರ’, ಅಂದರೆ ಪಡೆಯಲು ಯೋಗ್ಯನಾದವನು. ಕೊಡುವವನೇ ಅವನನ್ನು ಹುಡುಕಿಕೊಂಡು ಹೋಗಬೇಕಿತ್ತು. ನೀರು ಬಿಟ್ಟು ಕೊಡುವ ಪದ್ಧತಿ ಇದ್ದುದರಿಂದ ಶಾಸನಗಳಲ್ಲಿ ‘ಧಾರಾಪೂರ್ವಕಂ’ ಕೊಟ್ಟರು ಎಂಬ ಮಾತು ಪದೇ ಪದೇ ಬರುತ್ತದೆ. ಹರಿದ ನೀರನ್ನು ಮತ್ತೆ ಬೊಗಸೆಗೆ ತುಂಬಿಕೊಳ್ಳಲಾಗದು. ‘ಇದು ಇನ್ನು ನನ್ನದಲ್ಲ’ ಎಂದು ಹಕ್ಕು ಬಿಡುವುದೇ ದಾನದ ತಿರುಳು. ‘ಬದುಕನ್ನೇ ಸಂಸ್ಥೆಗೆ ಧಾರೆ ಎರೆದರು’ ಎಂದು ಇಂದಿಗೂ ಬರೆಯುವಾಗ ಆ ನೀರೇ ಹರಿಯುತ್ತಿರುತ್ತದೆ. ಕಾಲಕ್ರಮದಲ್ಲಿ ಭಿಕ್ಷೆ, ಧರ್ಮ ಮುಂತಾದ ಪದಗಳ ಜತೆ ಓಡಾಡಿ ದಾನಕ್ಕೆ ಬಡವ, ಬಲ್ಲಿದ ಎಂಬ ಛಾಯೆ ಅಂಟಿಕೊಂಡಿತು. ಧರ್ಮದ ಪಾಡು ಇನ್ನೂ ವಿಚಿತ್ರ. ಧರ್ಮಛತ್ರ, ಧರ್ಮಾಸ್ಪತ್ರೆ ಎಂದಾಗ ಅದಕ್ಕೆ ಘನತೆ ಇದೆ. ‘ಧರ್ಮಕ್ಕೆ ಬಂದದ್ದು’ ಎಂದಾಗ ಬಿಟ್ಟಿಯಾಗಿ ಸಿಕ್ಕಿದ್ದು ಎಂದಷ್ಟೇ ಅರ್ಥ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಪಡೆದವನನ್ನು ಹಂಗಿಸುವುದಕ್ಕೇ ಹುಟ್ಟಿದ್ದು.

ಹಾಗೆಂದು ದಾನವನ್ನು ಬಿಟ್ಟುಬಿಡಬೇಕಾಗಿಲ್ಲ. ಸಮಾಸದಲ್ಲಿ ಎರಡನೆಯ ಪದವಾಗಿ ಬಂದಾಗ ಅದರ ಎತ್ತರ ಕರಗಿಹೋಗುತ್ತದೆ: ರಕ್ತದಾನ, ನೇತ್ರದಾನ, ದೇಹದಾನ, ಅಂಗಾಂಗ ದಾನ, ಶ್ರಮದಾನ. ಇಲ್ಲಿ ಪಡೆಯುವವರು ಯಾರೆಂದು ಕೊಡುವವರಿಗೆ ಸಾಮಾನ್ಯವಾಗಿ ಗೊತ್ತಿರುವುದೇ ಇಲ್ಲ, ಆದ್ದರಿಂದ ಕೆಳಗೆ ನಿಲ್ಲುವವರೂ ಇಲ್ಲ. 2006ರಲ್ಲಿ ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದ ಮೇಲೆ ನೇತ್ರದಾನ ಎಂಬುದು ಮನೆಮನೆಯ ಮಾತಾಯಿತು. ‘ಕಣ್ಣಿನ ದೇಣಿಗೆ’ ಎಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಮತದಾನವನ್ನು ಮರೆಯುವಂತಿಲ್ಲ. ಮತ ಹಾಕುವುದು ಹಕ್ಕು, ಅದು ದಾನ ಹೇಗಾಯಿತು ಎಂದು ತಕರಾರು ತೆಗೆಯುವವರಿದ್ದಾರೆ. ಅಭ್ಯರ್ಥಿಗಳು ಕೈಮುಗಿದು ಬಾಗಿಲಲ್ಲಿ ನಿಲ್ಲುವ ಭಂಗಿ ನೋಡಿದರೆ ಪದ ಸರಿಯಾಗಿಯೇ ಇದೆ ಎನಿಸುತ್ತದೆ. ಕನ್ಯಾದಾನ ಮಾತ್ರ ಈ ನಿಯಮಕ್ಕೆ ಸಿಗುವುದಿಲ್ಲ. ಅಲ್ಲಿ ಕೊಡುವ ‘ವಸ್ತು’ ಮಾತಾಡಬಲ್ಲ ಮನುಷ್ಯಳು. ಕರೆಯೋಲೆಯಲ್ಲಿ ಆ ಪದ ಬೇಡವೆನಿಸಿದವರು ‘ಧಾರಾ ಮುಹೂರ್ತ’ ಎಂದು ಬರೆಸಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಕಾನೂನಿನ ಕಾಗದದಲ್ಲಂತೂ ದಾನಕ್ಕೆ ಬದಲಿ ಪದವಿಲ್ಲ. ತಂಗಿಗೆ ಮನೆ ಕೊಡುವ ಅಣ್ಣ ಮಾತಿನಲ್ಲಿ ಏನೇ ಹೇಳಲಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅದು ದಾನಪತ್ರವೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಮಿನ ಪ್ರಕಾರ ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟದ್ದನ್ನು, ಕೊಟ್ಟವರು ಬದುಕಿರುವಾಗಲೇ ಪಡೆದವರು ಒಪ್ಪಿಕೊಂಡರೆ ಅದು ದಾನ. ಸ್ಥಿರಾಸ್ತಿಯಾದರೆ 123ನೇ ಕಲಮಿನಂತೆ ನೋಂದಣಿ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಉಯಿಲಿನೊಂದಿಗೆ ಹೋಲಿಸಿದರೆ ಸಾಧಕ ಬಾಧಕ ಎರಡೂ ಕಾಣುತ್ತವೆ. ಉಯಿಲನ್ನು ಬರೆದವರು ಬದುಕಿರುವವರೆಗೂ ಬದಲಿಸಬಹುದು, ಅದು ಜಾರಿಗೆ ಬರುವುದು ಅವರ ನಂತರ. ದಾನಪತ್ರ ಅಂದಿನಿಂದಲೇ ಜಾರಿ, ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯುವಂತಿಲ್ಲ. ಮಕ್ಕಳು ನೋಡಿಕೊಳ್ಳುತ್ತಾರೆಂದು ಮನೆ ಬರೆದುಕೊಡುವ ಹಿರಿಯರು ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾಮೂಲು ಸಾಲಿನ ಜತೆಗೆ ತಮ್ಮ ಪಾಲನೆಯ ಷರತ್ತನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಮಕ್ಕಳು ನೋಡಿಕೊಳ್ಳದಿದ್ದಾಗ ಆ ದಾನವನ್ನು ರದ್ದು ಮಾಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ನೆರವಿಗೆ ಬರಬೇಕಾದರೆ ಅಂಥ ಷರತ್ತು ಇದ್ದಿತೆಂಬುದು ಮುಖ್ಯವಾಗುತ್ತದೆ.

ಕೊಡುಗೆ: ಯಾರನ್ನೂ ನೋಯಿಸದ ಪದ

ಎತ್ತರ ತಗ್ಗುಗಳ ಜಂಜಾಟವೇ ಬೇಡವೆನ್ನುವವರಿಗೆ ಕೊಡುಗೆ ಇದೆ. ಕೊಡು ಎಂಬ ಧಾತುವಿನಿಂದ ನೇರವಾಗಿ ಬಂದ ಅಚ್ಚಗನ್ನಡ ಪದ. ಕನ್ನಡದ ಬಹುಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು 450ರ ಹಲ್ಮಿಡಿ ಶಾಸನವೂ ಕೊಟ್ಟದ್ದರ ದಾಖಲೆಯೇ. ಯುದ್ಧದಲ್ಲಿ ಶೌರ್ಯ ಮೆರೆದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ‘ಬಾಳ್ಗಳ್ಚು’ ಎಂದು, ಅಂದರೆ ಕತ್ತಿ ತೊಳೆದ ಗೌರವಕ್ಕಾಗಿ, ಕೊಟ್ಟರೆಂದು ಅದು ಹೇಳುತ್ತದೆ. ಮುಂದೆ ಶಾಸನಗಳಲ್ಲಿ ‘ಕೊಡಗೆ’ಯ ಒಂದು ಕುಟುಂಬವೇ ಕಾಣಿಸುತ್ತದೆ. ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿ ಕಟ್ಟುಗೊಡಗೆ, ಊರಿಗಾಗಿ ಮಡಿದ ವೀರನ ಮನೆಯವರಿಗೆ ಬಿಟ್ಟದ್ದು ನೆತ್ತರುಗೊಡಗೆ. ಗಮನಿಸಿ, ಇಲ್ಲೆಲ್ಲೂ ಪಡೆದವನು ಬೇಡಿದವನಲ್ಲ. ಏನನ್ನೋ ಮಾಡಿದ್ದಕ್ಕೆ, ಏನನ್ನೋ ಕಳೆದುಕೊಂಡದ್ದಕ್ಕೆ ಊರು ತೋರಿಸಿದ ಋಣಭಾವ ಅದು.

ಆ ಸಮತೋಲ ಇಂದಿಗೂ ಪದದಲ್ಲಿ ಉಳಿದಿದೆ. ‘ಶಾಲೆಗೆ ಹಳೆಯ ವಿದ್ಯಾರ್ಥಿಗಳ ಕೊಡುಗೆ’ ಎಂದರೆ ಶಾಲೆ ತಗ್ಗುವುದಿಲ್ಲ, ವಿದ್ಯಾರ್ಥಿಗಳೂ ಬೀಗುವುದಿಲ್ಲ. ವಿಜ್ಞಾನಕ್ಕೆ, ಸಾಹಿತ್ಯಕ್ಕೆ, ಊರಿಗೆ ಒಬ್ಬರು ಮಾಡಿದ್ದನ್ನೆಲ್ಲ ಒಟ್ಟಾಗಿ ಹೇಳಲೂ ಇದೇ ಪದ. ದೋಷ ಒಂದೇ, ಬಳಸಿ ಬಳಸಿ ಸವೆದಿದೆ. ಜವಳಿ ಅಂಗಡಿಯ ‘ಹಬ್ಬದ ವಿಶೇಷ ಕೊಡುಗೆ’ ಎಂಬ ಜಾಹೀರಾತಿನ ರಿಯಾಯಿತಿಗೂ, ಒಬ್ಬರು ಜೀವಮಾನ ತೇಯ್ದದ್ದಕ್ಕೂ ಈಗ ಒಂದೇ ಪದ. ಶ್ರದ್ಧಾಂಜಲಿಯಲ್ಲಿ ‘ಅಪಾರ ಕೊಡುಗೆ ನೀಡಿದ್ದಾರೆ’ ಎಂಬ ಸಾಲು ಕಂಡರೆ ಬರೆದವರಿಗೆ ಆ ವ್ಯಕ್ತಿ ಏನು ಮಾಡಿದ್ದರೆಂದು ಗೊತ್ತಿಲ್ಲ ಎಂದೇ ನಾನು ತಿಳಿಯುತ್ತೇನೆ. ಗೊತ್ತಿದ್ದರೆ ಅದನ್ನೇ ಬರೆಯುತ್ತಿದ್ದರು.

ಕಾಣಿಕೆ: ಕೊಡುವವನೇ ತಗ್ಗಿದಾಗ

ಕಾಣಿಕೆಯಲ್ಲಿ ‘ಕಾಣು’ ಇದೆ. ದೊಡ್ಡವರನ್ನು, ದೇವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಯ್ಯುವುದು. ಆದ್ದರಿಂದ ದಾನದ ತಕ್ಕಡಿ ಇಲ್ಲಿ ತಿರುವುಮುರುವು, ಪಡೆಯುವವರು ಮೇಲೆ. ಹುಂಡಿಗೆ ಹಾಕುವುದು, ಮಠಕ್ಕೆ ಒಪ್ಪಿಸುವ ಪಾದಕಾಣಿಕೆ, ತಪ್ಪು ನಡೆದರೆ ದೇವರಿಗೆ ಸಲ್ಲಿಸುವ ತಪ್ಪುಕಾಣಿಕೆ ಎಲ್ಲದರಲ್ಲೂ ಕೊಡುವವರ ತಲೆ ಬಾಗಿದೆ. ಗುರುಗಳಿಗೆ ಕೊಡುವಾಗ ಗುರುಕಾಣಿಕೆ ಎನ್ನುವುದಕ್ಕೂ ಗುರುದಕ್ಷಿಣೆ ಎನ್ನುವುದಕ್ಕೂ ಅಂತರವಿದೆ. ದಕ್ಷಿಣೆ ಒಂದು ಕರ್ಮಕ್ಕೋ ವಿದ್ಯೆಗೋ ಅಂಟಿಕೊಂಡದ್ದು, ಕೊಡದಿದ್ದರೆ ಆ ಕೆಲಸ ಪೂರ್ಣವಾಗಲಿಲ್ಲವೆಂಬ ಭಾವನೆ ಇರುತ್ತದೆ. ಕಾಣಿಕೆ ಕೊಡದಿದ್ದರೂ ನಡೆಯುತ್ತದೆ.

ಈ ಪದವನ್ನು ಕೊಡುವವರು ಮಾತ್ರ ಆಡಬೇಕು. ‘ನನ್ನ ಕಿರುಕಾಣಿಕೆ’ ಎಂದರೆ ವಿನಯ. ‘ನನಗೆ ಕಾಣಿಕೆ ಬಂತು’ ಎಂದರೆ ಸಿಂಹಾಸನದ ಮೇಲೆ ಕೂತ ಮಾತು. ಅಧಿಕಾರದಲ್ಲಿರುವವರ ಸುತ್ತ ಬಳಸುವಾಗಲಂತೂ ಎಚ್ಚರವಿರಲಿ. ಅರಸರ ಕಾಲದ ‘ಕಪ್ಪಕಾಣಿಕೆ’ ಪತ್ರಿಕೆಗಳ ಭಾಷೆಯಲ್ಲಿ ಈಗ ಮೇಲಿನವರಿಗೆ ತಲುಪಿಸುವ ಲಂಚ. ಸಭೆಗಳಲ್ಲಿ ಅತಿಥಿಗಳಿಗೆ ಕೊಡುವ ‘ನೆನಪಿನ ಕಾಣಿಕೆ’ ಮಾತ್ರ ನಿರಪಾಯ. ಅದು ಎಷ್ಟು ರೂಢಿಯಾಗಿದೆಯೆಂದರೆ ಅದರಲ್ಲಿ ಮೇಲು ಕೀಳು ಯಾರಿಗೂ ಕೇಳಿಸುವುದಿಲ್ಲ.

ಉಡುಗೊರೆ ಮತ್ತು ಮುಯ್ಯಿ: ಸಮಾನರ ನಡುವೆ

ಹೆಸರು ಹಿಡಿದು ಒಬ್ಬರಿಗೆ, ಸಂತೋಷದ ಸಂದರ್ಭದಲ್ಲಿ, ಪ್ರೀತಿಯಿಂದ ಕೊಡುವುದು ಉಡುಗೊರೆ. ಒಳಗಿರುವ ‘ಉಡು’ ಧಾತು ಹಿಂದೆ ಬಟ್ಟೆಯನ್ನೇ ಕೊಡುತ್ತಿದ್ದುದನ್ನು ನೆನಪಿಸುತ್ತದೆ. ಈಗ ಗಡಿಯಾರವೂ ಪುಸ್ತಕವೂ ಮೊಬೈಲೂ ಉಡುಗೊರೆಯೇ. ಸಂಸ್ಥೆಗೆ ಈ ಪದ ಹೊಂದುವುದಿಲ್ಲ, ‘ಆಸ್ಪತ್ರೆಗೆ ಆಂಬುಲೆನ್ಸ್ ಉಡುಗೊರೆ’ ಎಂದರೆ ಆಸ್ಪತ್ರೆಗೆ ಹುಟ್ಟುಹಬ್ಬವೇ ಎಂದು ಕೇಳಬೇಕಾಗುತ್ತದೆ. ಸರ್ಕಾರವೊಂದು ರಸ್ತೆ ಮಾಡಿಸಿದಾಗ ‘ಜನತೆಗೆ ಯುಗಾದಿ ಉಡುಗೊರೆ’ ಎಂದು ಶೀರ್ಷಿಕೆ ಕೊಡುವುದು ನನಗೆ ಹಿಡಿಸುವುದಿಲ್ಲ. ತೆರಿಗೆ ಕಟ್ಟಿದವರಿಗೆ ಅವರ ದುಡ್ಡಿನ ರಸ್ತೆಯನ್ನೇ ಕಾಗದ ಸುತ್ತಿ ಕೊಟ್ಟಂತೆ ಅದು. ಬೆಲೆ ಏರಿದಾಗ ವ್ಯಂಗ್ಯಕ್ಕೆ ಬಳಸಿದರೆ ಸೊಗಸು.

ಕರೆಯೋಲೆಗಳಲ್ಲಿ ಬರುವ ‘ತಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ನೋಡಿ ನಗುವವರುಂಟು. ನನಗೆ ಅದು ಜಾಣತನದ ಸಾಲು. ಏನೂ ತರಬೇಡಿ ಎನ್ನುವ ಬದಲು ನೀವು ತರುವುದು ಆಗಲೇ ಬಂದಾಯಿತು ಎನ್ನುತ್ತದೆ. ಅದರ ಪಕ್ಕದಲ್ಲಿ ‘ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂಬುದು ಕಚೇರಿಯ ಸೂಚನಾ ಫಲಕದಂತೆ ಕೇಳುತ್ತದೆ. ಆದರೆ ಜಾಣ ಸಾಲಿಗೂ ಒಂದು ತೂತಿದೆ. ಹಲವರ ಮನಸ್ಸಿನಲ್ಲಿ ಉಡುಗೊರೆ ಎಂದರೆ ವಸ್ತು. ಲಕೋಟೆಯಲ್ಲಿ ಹಾಕಿದ ಹಣ ಮುಯ್ಯಿ, ಅದು ಬೇರೆ ಲೆಕ್ಕ. ಎರಡೂ ಬೇಡವಾಗಿದ್ದರೆ ಎರಡನ್ನೂ ಹೆಸರಿಸಬೇಕು, ಅಥವಾ ಹತ್ತಿರದವರಿಗೆ ಬಾಯಲ್ಲಿ ಹೇಳಬೇಕು.

ಮುಯ್ಯಿಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಪದ ಅದು. ಮರಳಿ ಕೊಡಬೇಕಾದದ್ದು ಎಂಬುದನ್ನು ಅದು ಮುಚ್ಚಿಡುವುದೇ ಇಲ್ಲ. ಹಳ್ಳಿಯ ಮದುವೆಗಳಲ್ಲಿ ಒಬ್ಬರು ಮುಯ್ಯಿ ಪುಸ್ತಕ ಹಿಡಿದು ಕೂತು ಯಾರು ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಆ ಪುಸ್ತಕ ಮನೆಯಲ್ಲಿ ಜೋಪಾನವಾಗಿರುತ್ತದೆ. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಅದನ್ನು ತೆರೆದು ನೋಡಿ, ಬಂದದ್ದಕ್ಕೆ ಒಂದಿಷ್ಟು ಸೇರಿಸಿ ಹಾಕುತ್ತಾರೆ. ಬಡ್ಡಿಯಿಲ್ಲದ, ಬರಹದ ಕರಾರಿಲ್ಲದ, ಖರ್ಚು ಹೆಚ್ಚಿರುವ ದಿನವೇ ಕೈಗೆ ಬರುವ ಸಾಲ ಅದು. ಹೊಲದ ಕೆಲಸಕ್ಕೆ ಪರಸ್ಪರ ಹೋಗಿಬರುವ ಮುಯ್ಯಾಳು ಪದ್ಧತಿಯೂ ಇದೇ ಬೇರಿನದು, ಅಲ್ಲಿ ಹಣದ ಬದಲು ಒಂದು ದಿನದ ಬೆವರು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸುವುದು ಎನ್ನುತ್ತಾರೆ ಎಂಬುದೇ ಈ ಪದದ ಸ್ವಭಾವಕ್ಕೆ ಸಾಕ್ಷಿ. ಒಳಿತಾಗಲಿ, ಕೆಡುಕಾಗಲಿ, ಬಾಕಿ ಉಳಿಸುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಬಟ್ಟೆಬರೆ ಕೊಟ್ಟು ಮಾಡುವ ಆಯೇರಿಯಲ್ಲೂ ಈ ಕೊಟ್ಟು ತರುವ ಲೆಕ್ಕವಿದೆ.

ಹಾಗಾದರೆ ಉಡುಗೊರೆಯೋ ಮುಯ್ಯಿಯೋ? ಕೈಯಲ್ಲಿ ದುಡ್ಡು ಕಡಿಮೆಯಿದ್ದು, ಆ ಮನೆಯವರು ಹಿಂದೆ ನಿಮಗೆ ಹಾಕಿದ್ದು ಹೆಚ್ಚಿದ್ದರೆ ಮುಯ್ಯಿಯ ಲೆಕ್ಕಕ್ಕೆ ಇಳಿಯಬೇಡಿ. ನೀವೇ ಆರಿಸಿದ ಒಂದು ಪುಸ್ತಕವೋ ಸೀರೆಯೋ ಒಯ್ಯಿರಿ, ಉಡುಗೊರೆಗೆ ಅಂಕಿ ಇರುವುದಿಲ್ಲ. ಮದುವೆ ಮನೆಯವರು ಕಷ್ಟದಲ್ಲಿದ್ದರೆ ಮುಯ್ಯಿಯೇ ಮೇಲು. ಅವರಿಗೆ ಹನ್ನೊಂದನೆಯ ಗೋಡೆ ಗಡಿಯಾರಕ್ಕಿಂತ ಅಡುಗೆಯವರ ಬಾಕಿ ತೀರಿಸುವ ನೋಟು ಬೇಕು. ಅದನ್ನು ನೆರವು ಎಂದರೆ ಅವರು ಮುದುಡುತ್ತಾರೆ, ಮುಯ್ಯಿ ಎಂದರೆ ತಲೆಯೆತ್ತಿ ತೆಗೆದುಕೊಳ್ಳುತ್ತಾರೆ.

ಮದುವೆಯ ಮಾತು ಬಂದ ಮೇಲೆ ಬಳುವಳಿ ಮತ್ತು ವರದಕ್ಷಿಣೆಯನ್ನು ಬೇರ್ಪಡಿಸಲೇಬೇಕು. ತವರು ತನ್ನ ಮಗಳಿಗೆ ಮನಸಾರೆ ಕೊಟ್ಟು ಕಳುಹಿಸುವುದು ಬಳುವಳಿ. ಈಗ ಅದು ‘ಹಿರಿಯರಿಂದ ಬಂದ ಸಂಪತ್ತು’ ಎಂಬ ವಿಶಾಲ ಅರ್ಥಕ್ಕೆ ಸರಿದು ಬರಹಗಳಲ್ಲಿ ಬದುಕಿದೆ. ಕೇಳಿ ಪಡೆಯುವುದು ವರದಕ್ಷಿಣೆ, 1961ರ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಕೇಳದೆ ಕೊಟ್ಟ ಉಡುಗೊರೆಗಳಿಗೆ ವಿನಾಯಿತಿ ಇದೆ, ಆದರೆ ಅವುಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ‘ನಾವೇನೂ ಕೇಳಲಿಲ್ಲ, ಅವರೇ ಉಡುಗೊರೆ ಕೊಟ್ಟರು’ ಎಂಬ ಮಾತು ಹೊರಟಲ್ಲೆಲ್ಲ ಒಳ್ಳೆಯ ಪದವೊಂದು ಕೆಟ್ಟ ಕೆಲಸಕ್ಕೆ ಮುಸುಕಾಗಿರುತ್ತದೆ.

ರಶೀದಿಯ ಪದಗಳು

ಸಂಸ್ಥೆಗೆ ಹಣ ಬರುವಾಗ ಭಾವನೆಗಿಂತ ಲೆಕ್ಕ ಮುಖ್ಯ. ಮರಾಠಿಯ ‘ದೇಣಗಿ’ಗೆ ನಂಟಿರುವ ದೇಣಿಗೆ ಇಲ್ಲಿ ಒಳ್ಳೆಯ ಆಯ್ಕೆ. ಅದು ದಾನದಷ್ಟು ಭಾರವಿಲ್ಲ, ಪಡೆಯುವ ಸಂಸ್ಥೆಗೆ ಮುಜುಗರವಿಲ್ಲ, ರಶೀದಿಯ ಮೇಲೆ ಚೆನ್ನಾಗಿ ಕೂರುತ್ತದೆ. ವಂತಿಗೆ ಬೇರೆ. ಅದರಲ್ಲಿ ಪಾಲು ಎಂಬ ಅರ್ಥವಿದೆ: ಊರಹಬ್ಬಕ್ಕೆ ಮನೆಗಿಷ್ಟು ಎಂದು ಎತ್ತುವುದು ವಂತಿಗೆ, ಕೊಡದಿದ್ದರೆ ಕೇಳುವ ಹಕ್ಕು ಊರಿಗಿದೆ. ದೇಣಿಗೆಯನ್ನು ಯಾರೂ ಬಾಕಿ ಎಂದು ಕೇಳುವಂತಿಲ್ಲ. ಚಂದಾ ಕಾಲಾವಧಿಯದು, ವರ್ಷಕ್ಕಿಷ್ಟು ಕೊಟ್ಟು ಪತ್ರಿಕೆ ಪಡೆಯುವುದೋ ಸದಸ್ಯನಾಗಿರುವುದೋ. ಗಣೇಶೋತ್ಸವಕ್ಕೆ ‘ಚಂದಾ ಎತ್ತುವುದು’ ಎಂಬ ಬಳಕೆ ಇದ್ದೇ ಇದೆ, ಆದರೆ ಅಚ್ಚಿನಲ್ಲಿ ದೇಣಿಗೆ ಎಂದೇ ಹಾಕಿಸಿ. ತೆರಿಗೆ ವಿನಾಯಿತಿ ಇರುವ ಸಂಸ್ಥೆಯಾದರೆ ಪದದ ಆಯ್ಕೆಗಿಂತ ದೊಡ್ಡ ವಿಷಯವೊಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಎಂದು ಜನರಿಗೆ ಪರಿಚಿತವಾದ ವಿನಾಯಿತಿ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಸಿಗುವುದಿಲ್ಲ ಎಂದು ಕೊಡುವವರಿಗೆ ಮೊದಲೇ ತಿಳಿಸಿ.

ದೊಡ್ಡ ಮೊತ್ತ ಕೊಡಬಲ್ಲವರು ದತ್ತಿಯ ಬಗ್ಗೆ ಯೋಚಿಸಬೇಕು. ದೇಣಿಗೆ ಖರ್ಚಾಗಿ ಮುಗಿಯುತ್ತದೆ. ದತ್ತಿಯಲ್ಲಿ ಮೂಲಧನ ಹಾಗೇ ಉಳಿದು, ಬಡ್ಡಿಯಿಂದ ವರ್ಷವರ್ಷವೂ ಉಪನ್ಯಾಸವೋ ಬಹುಮಾನವೋ ನಡೆಯುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ, ದತ್ತಿ ಪ್ರಶಸ್ತಿಗಳು ನಡೆಯುವುದು ಹೀಗೆಯೇ. ದತ್ತಿಯಿಂದ ಹೆಸರು ಉಳಿಯುತ್ತದೆ ಎಂಬುದು ಲಾಭ, ಬಡ್ಡಿ ಇಳಿದಂತೆ ಬಹುಮಾನವೂ ಕುಗ್ಗಿ ಒಂದು ಶಾಲಿನಷ್ಟಾಗುತ್ತದೆ ಎಂಬುದು ನಷ್ಟ. ಶಾಲೆಗೆ ಈ ವರ್ಷವೇ ಶೌಚಾಲಯ ಬೇಕಿದ್ದರೆ ದತ್ತಿ ಇಡಬೇಡಿ, ದೇಣಿಗೆ ಕೊಟ್ಟು ಕಟ್ಟಿಸಿ.

ಊಟ ಹಾಕಿಸುವವರಿಗೆ ಅನ್ನದಾನ, ದಾಸೋಹ ಎಂಬ ಎರಡು ದಾರಿಗಳಿವೆ. ಅನ್ನದಾನದಲ್ಲಿ ಕೊಡುವವರ ಹೆಸರಿಗೆ ಜಾಗವಿದೆ. ಹನ್ನೆರಡನೆಯ ಶತಮಾನದ ಶರಣರು ಬೆಳೆಸಿದ ದಾಸೋಹದಲ್ಲಿ ಬಡಿಸುವವನೇ ದಾಸ, ಉಣ್ಣುವವರು ಒಡೆಯರು, ಬಡಿಸಿದ್ದು ತನ್ನದೆಂಬ ಭಾವಕ್ಕೆ ಅಲ್ಲಿ ಎಡೆಯಿಲ್ಲ. ಕಾಯಕದಿಂದ ಬಂದದ್ದನ್ನು ಹಂಚುವುದು ಎಂಬ ಷರತ್ತೂ ಅದಕ್ಕಿದೆ. ಸಿದ್ಧಗಂಗೆಯ ಅನ್ನ, ಅಕ್ಷರ, ಆಶ್ರಯಗಳನ್ನು ತ್ರಿವಿಧ ದಾಸೋಹ ಎಂದು ಕರೆಯುವುದು ಈ ಅರ್ಥದಲ್ಲಿಯೇ. ಊಟದ ಪಂಕ್ತಿಯ ಎದುರು ನಿಮ್ಮ ಭಾವಚಿತ್ರವಿರುವ ಫ್ಲೆಕ್ಸ್ ಕಟ್ಟಿಸುವುದಾದರೆ ದಯವಿಟ್ಟು ಅದರ ಮೇಲೆ ದಾಸೋಹ ಎಂದು ಬರೆಸಬೇಡಿ.

ಮೇಲಿನಿಂದ ಕೆಳಕ್ಕೆ

ಬಹುಮಾನ ಗೆದ್ದವರಿಗೆ, ಪುರಸ್ಕಾರ ಸಾಧಿಸಿದವರಿಗೆ. ಇವುಗಳಲ್ಲಿ ತೊಡಕಿಲ್ಲ. ಅರಬ್ಬಿ ಮೂಲದ ಇನಾಮು ಒಡೆಯ ಮೆಚ್ಚಿ ಕೊಡುವುದು. ಮೈಸೂರಿನಲ್ಲಿ ಇನಾಮು ಭೂಮಿಗಳ ರದ್ದತಿಗೆ 1954ರಲ್ಲೇ ಕಾಯ್ದೆ ಬಂದರೂ ಪದಕ್ಕೆ ಅಂಟಿದ ಧಣಿತನ ಹೋಗಿಲ್ಲ. ಈಗ ಅದು ಉಳಿದಿರುವುದು ಹೆಚ್ಚಾಗಿ ಕುಸ್ತಿ ಕಣದಲ್ಲಿ ಮತ್ತು ಕಳ್ಳನ ಸುಳಿವು ಕೊಟ್ಟವರಿಗೆ ಪೊಲೀಸರು ಮಾಡುವ ಘೋಷಣೆಯಲ್ಲಿ. ಭಕ್ಷೀಸು ಎಂಬ ಪದವನ್ನು ಪಡೆಯುವವರ ಮುಂದೆ ಆಡದಿರುವುದೇ ಲೇಸು, ‘ಇಟ್ಟುಕೊಳ್ಳಿ’ ಎಂದರೆ ಸಾಕು.

ಗೌರವಧನದ ಬಗ್ಗೆ ಮಾತ್ರ ಒಂದು ಮಾತು. ಅತಿಥಿ ಉಪನ್ಯಾಸ ಮಾಡಿ ಹೋದವರಿಗೆ ಗೌರವಧನ ಅಥವಾ ಸಂಭಾವನೆ ಎನ್ನುವುದು ಚೆಂದ. ತಿಂಗಳಿಡೀ ದುಡಿಯುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದನ್ನೂ ಗೌರವಧನ ಎಂದೇ ಕರೆಯುತ್ತಾರೆ. ಹಾಗೆ ಕರೆದ ಕೂಡಲೇ ಅದು ವೇತನವಲ್ಲವೆಂದಾಯಿತು. ಬೀದಿಗಿಳಿದ ಅವರ ಹೋರಾಟ ಅರ್ಧದಷ್ಟು ಆ ಪದದ ಮೇಲೆಯೇ. ದುಡಿಮೆಯ ಬೆಲೆ ಕೊಡುವಲ್ಲಿ ಉಡುಗೊರೆಯ ಭಾಷೆ ಬಳಸುವ ಯಾರನ್ನೂ ನಾನು ನಂಬುವುದಿಲ್ಲ.

ಕ್ರಿಯಾಪದ ಮತ್ತು ಕೊಡುವವರ ಗುಣ

ನಾಮಪದ ಸರಿಯಾಗಿ ಆರಿಸಿ ಕ್ರಿಯಾಪದದಲ್ಲಿ ಎಡವುವವರು ಬಹಳ. ‘ಕೊಡು’ ಎಲ್ಲೆಡೆ ಸಲ್ಲುತ್ತದೆ, ಅನುಮಾನವಿದ್ದರೆ ಅದನ್ನೇ ಬಳಸಿ. ‘ನೀಡು’ ಎಂದರೆ ಕೈ ಚಾಚು, ಉತ್ತರ ಕರ್ನಾಟಕದಲ್ಲಿ ಅನ್ನ ಬಡಿಸುವುದಕ್ಕೂ ಅದೇ. ಪತ್ರಿಕೆಗಳು ಅದನ್ನು ಕೊಡುವುದರ ಗಂಭೀರ ರೂಪ ಮಾಡಿಕೊಂಡು ‘ಹೇಳಿಕೆ ನೀಡಿ, ಭೇಟಿ ನೀಡಿ, ಚಾಲನೆ ನೀಡಿ’ ಎಂದು ದಣಿಸಿಬಿಟ್ಟಿವೆ. ‘ಅರ್ಪಿಸು’ ಕೆಳಗಿನಿಂದ ಮೇಲಕ್ಕೆ, ಕಾಣಿಕೆಯ ಜೊತೆಗಾರ. ಕೃಷ್ಣರಾಜ ಸಾಗರ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ, ‘ಬಾಗಿನ ನೀಡಿದರು’ ಎಂದರೆ ಕಿವಿಗೆ ಕಲ್ಲು. ‘ದಯಪಾಲಿಸು’, ‘ಕರುಣಿಸು’ ದೇವರಿಗೆ ಮೀಸಲಿರಲಿ. ಅರ್ಜಿಯಲ್ಲಿ ‘ರಜೆ ದಯಪಾಲಿಸಬೇಕಾಗಿ’ ಎಂದು ಬರೆಯುವ ಕಾಲ ಮುಗಿಯಬೇಕಿತ್ತು.

ಕೊಡುವವರನ್ನು ಹೊಗಳುವಾಗ ಉದಾರಿ ಎಂದರೆ ಮನಸ್ಸಿನ ಮಾತು, ಧಾರಾಳಿ ಎಂದರೆ ಕೈಯ ಮಾತು. ಧಾರಾಳಕ್ಕೆ ಒಂದು ಸಣ್ಣ ಚುಚ್ಚು ಇದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬಂಥ ಕಡೆಯೂ ಅದು ಸಲ್ಲುತ್ತದೆ. ‘ಕೊಡುಗೈ’ ಬೆಚ್ಚಗಿನ ಪದ, ಸನ್ಮಾನಪತ್ರಕ್ಕೆ ಹೇಳಿಮಾಡಿಸಿದ್ದು. ‘ದಾನಶೂರ ಕರ್ಣ’ ಎನ್ನುವಾಗ ದನಿ ನೋಡಿಕೊಳ್ಳಿ, ಮನೆಮಾತಿನಲ್ಲಿ ಅದು ಹೆಚ್ಚಾಗಿ ಕುಟುಕುವುದಕ್ಕೇ ಬಳಕೆ. ಹಳಗನ್ನಡದ ‘ಚಾಗಿ’, ಅಂದರೆ ಉದಾರವಾಗಿ ಕೊಡುವವನು, ಎಂಬುದು ಈಗ ಯಾರಿಗೂ ತಿಳಿಯದು. ‘ದಾನಚಿಂತಾಮಣಿ’ ಎಂಬ ಬಿರುದಂತೂ ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಆಕೆಯ ಬಿರುದನ್ನು ಬಡಾವಣೆಯ ಸಂಘದ ಖಜಾಂಚಿಗೆ ತೊಡಿಸುವುದು ಖಜಾಂಚಿಗೇ ಭಾರ. ಕಡಿಮೆ ಕೊಟ್ಟವರಿಗೆ ‘ಅಳಿಲುಸೇವೆ’ ಎಂಬ ಸುಂದರ ಪದವಿದೆ, ಆದರೆ ಅದನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬೇಕು. ವೇದಿಕೆಯ ಮೇಲೆ ‘ಇವರದ್ದೊಂದು ಅಳಿಲುಸೇವೆ’ ಎಂದು ಇನ್ನೊಬ್ಬರ ದೇಣಿಗೆಯನ್ನು ಅಳೆಯುವ ನಿರೂಪಕರನ್ನು ಕಂಡಿದ್ದೇನೆ. ಕೊಟ್ಟವರು ಮುಂದಿನ ವರ್ಷ ಬರಲಿಲ್ಲ.

ಹಾಗಾದರೆ ಯಾವುದು?

ಬೆಂಚಿನ ಮೇಲೆ ‘ಕೊಡುಗೆ’ ಬರೆಸಿ. ‘ದಾನಿಗಳು’ ಎಂಬುದು ಕಟ್ಟಡದ ಶಿಲಾಫಲಕದಲ್ಲಿ ಹತ್ತಾರು ಹೆಸರುಗಳ ಮೇಲೆ ಒಪ್ಪುತ್ತದೆ, ಮಗು ದಿನವೂ ಕೂರುವ ಬೆಂಚಿನ ಮೇಲೆ ಒಪ್ಪುವುದಿಲ್ಲ. ನಿವೃತ್ತರಾಗುವ ಸಹೋದ್ಯೋಗಿಗೆ ಎಲ್ಲರೂ ಸೇರಿ ಕೊಡುವುದು ನೆನಪಿನ ಕಾಣಿಕೆ, ಅದಕ್ಕಾಗಿ ಒಬ್ಬೊಬ್ಬರಿಂದ ಎತ್ತುವುದು ವಂತಿಗೆ. ನೆರೆ ಬಂದ ಊರಿಗೆ ಕಳುಹಿಸುವುದು ನೆರವು. ಅದನ್ನು ದಾನ ಎಂದರೆ ನಿನ್ನೆಯವರೆಗೆ ನಿಮ್ಮಂತೆಯೇ ಇದ್ದವರನ್ನು ಒಂದೇ ರಾತ್ರಿಯಲ್ಲಿ ಬೇಡುವವರನ್ನಾಗಿ ಮಾಡಿದಂತೆ. ಸರ್ಕಾರ ಕೊಡುವುದು ಪರಿಹಾರ, ಅದು ಕೇಳಿ ಪಡೆಯಬೇಕಾದ ಹಕ್ಕು.

ಮನೆಗೆಲಸಕ್ಕೆ ಬರುವವರಿಗೆ ದೀಪಾವಳಿಗೆ ಕೊಡುವ ಹಣಕ್ಕೆ ಏನೆನ್ನಬೇಕೆಂದು ಒಬ್ಬ ಓದುಗರು ಕೇಳಿದ್ದಾರೆ. ಇನಾಮು ಬೇಡ, ಭಕ್ಷೀಸು ಖಂಡಿತ ಬೇಡ, ಉಡುಗೊರೆ ಎಂದರೂ ಸ್ವಲ್ಪ ನಾಟಕ. ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರು ತಮಗೆ ಬರುವುದನ್ನು ಏನೆಂದು ಕರೆಯುತ್ತಾರೋ ಹಾಗೆಯೇ ಹಬ್ಬದ ಬೋನಸ್ ಎನ್ನಿ, ಮತ್ತು ಹಬ್ಬಕ್ಕೆ ಒಂದು ವಾರ ಮೊದಲೇ ಕೊಡಿ.